ಖಲಾಸ್ ಅಂದರೆ ದೀಪ

ಕತ್ತಲಲ್ಲಿ ಮನುಷ್ಯರೆಲ್ಲ ಸಮಾನರು. ಇದು ಆಳವಾಗಿ ಚಿಂತಿಸಬೇಕಾದ ವಿಷಯ. ಬದುಕಿನ ಬಹುಭಾಗ ಕತ್ತಲ ಕೋಣೆಯಲ್ಲಿ ನೌಕರಿ ಮಾಡಿದವನಾದ್ದರಿಂದ ನಾನಿದನ್ನು ಅಧಿಕಾರದಿಂದಲೇ ಹೇಳಬಲ್ಲೆ. ಆದರೆ ಆ ಸಮಾನತೆಯ ನಡುವೆ ಒಂದು ಮೊಣಕೈ ಆಗಾಗ ಬಂದು ನನ್ನ ಮೂಗಿಗೇ ಬಡಿಯುತ್ತಿತ್ತು, ಮತ್ತು ಅದು ಪ್ರತಿಸಲವೂ ಒಬ್ಬರದೇ ಮೊಣಕೈ ಆಗಿರುತ್ತಿತ್ತು.

"ಮೂಗನ್ನು ಎಂತಕ್ಕೆ ಅಷ್ಟು ಮುಂದೆ ಇಟ್ಟುಕೊಳ್ತೀರಿ ಮಾರಾಯ್ರೆ?" ಎಂದು ಕತ್ತಲು ಕೇಳುತ್ತಿತ್ತು.

"ಹುಟ್ಟಿದಾಗಿಂದ ಅಲ್ಲೇ ಐತ್ರೀ ಅದು," ಎಂದು ನಾನು ಹೇಳುತ್ತಿದ್ದೆ.

ಮೊಣಕೈಯ ಯಜಮಾನರು ಉಡುಪಿ ಕಡೆಯವರು. ಮನೆಮಾತು ಕೊಂಕಣಿ, ಕುವೈತಿನಲ್ಲಿ ವಾರದ ರಜೆಯಾದ ಶುಕ್ರವಾರ ತಪ್ಪದೆ ಇಗರ್ಜಿಯ ಪೂಜೆ. ನಾನು ಗದಗ ಕಡೆಯವನು. ಕುವೈತಿನ ಶುವೈಖ್ ಕಾರ್ಖಾನೆ ಬೀದಿಯಲ್ಲಿ, ಒಂದು ಬದಿಗೆ ಟೈರಿನ ಅಂಗಡಿ, ಇನ್ನೊಂದು ಬದಿಗೆ ಗಾಜು ಕತ್ತರಿಸುವವರು, ನಡುವೆ ನಮ್ಮ ಕಾರ್ಖಾನೆ. ಅವರು ಅಲ್ಲಿ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು, ನಾನು ಇಂಜಿನಿಯರ್. ಮುಂದೆ ನಾವಿಬ್ಬರೂ ಸೇರಿ ಒಂದು ಸಂಶೋಧನೆ ಮಾಡಲಿರುವುದರಿಂದ ಅವರನ್ನು ಈಗಿನಿಂದಲೇ ಸಹಸಂಶೋಧಕರು ಎಂದು ಕರೆಯುತ್ತೇನೆ. ಸಂಶೋಧನೆ ಎಂದೊಡನೆ ಓದುಗರು ಗಾಬರಿಯಾಗುವುದು ಬೇಡ. ಜಗತ್ತು ಇದ್ದ ಹಾಗೇ ಇದೆ. ಒಂದು ಕಾಗದವನ್ನು ಹೇಗೆ ಮಡಚಬೇಕು ಎಂಬುದಷ್ಟೇ ಬದಲಾಯಿತು.

ನಾವು ಮಾಡುತ್ತಿದ್ದುದು ಎಕ್ಸ್-ರೇ ಫಿಲ್ಮು. ಮಾಡುತ್ತಿದ್ದೆವು ಎಂದರೆ ಕೊಚ್ಚಿಕೊಂಡಂತೆ ಆಗುತ್ತದೆ. ಹೊರದೇಶದಿಂದ ಹೆಬ್ಬಾವಿನಂಥ ಸುರುಳಿ ಬರುತ್ತಿತ್ತು. ಕತ್ತಲಲ್ಲಿ ಅದನ್ನು ಹಾಳೆಗಳಾಗಿ ಕತ್ತರಿಸಿ, ಪ್ರತಿ ಹಾಳೆಗೂ ಕಾಗದದ ಹೊದಿಕೆ ಹಾಕಿ, ಬೆಳಕು ನುಸುಳದ ಕಪ್ಪು ಪೊಟ್ಟಣದಲ್ಲಿಟ್ಟು, ಪೊಟ್ಟಣದ ಬಾಯನ್ನು ಬಿಸಿ ಪಟ್ಟಿಯಿಂದ ಒತ್ತಿ ಮುಚ್ಚುತ್ತಿದ್ದೆವು. ಮನುಷ್ಯರ ಎಲುಬು ನೋಡಲು ಈಗ ಈ ಫಿಲ್ಮು ಯಾರಿಗೂ ಬೇಡ. ಆಸ್ಪತ್ರೆಗಳು ಕಂಪ್ಯೂಟರಿನ ಪರದೆಗೆ ಹೋಗಿ ಬಹಳ ಕಾಲವಾಯಿತು. ನಮ್ಮನ್ನು ಬಿಡದೆ ಉಳಿದ ರೋಗಿ ಎಂದರೆ ಪೈಪು. ಮರುಭೂಮಿಯಲ್ಲಿ ಎಣ್ಣೆಯ ಪೈಪುಗಳನ್ನು ಬೆಸೆಯುತ್ತಾರಲ್ಲ, ಬೆಸುಗೆ ಸರಿಯಾಗಿದೆಯೇ ಎಂದು ನೋಡಲು ಅಲ್ಲಿ ಇಂದಿಗೂ ಫಿಲ್ಮು ಸುತ್ತಿ ಎಕ್ಸ್-ರೇ ತೆಗೆಯುತ್ತಾರೆ.

ಕತ್ತಲ ಕೋಣೆಯ ದೀಪದ ಸ್ವಿಚ್ಚು ಮೊದಲು ಒಳಗೇ ಇತ್ತು. ಒಮ್ಮೆ ಯಾರದೋ ಭುಜ ತಗುಲಿ ದೀಪ ಹತ್ತಿಕೊಂಡು ಇಡೀ ಸುರುಳಿ ಹಾಳಾಯಿತು. ಭುಜ ಯಾರದೆಂದು ನಾನು ಹೇಳಲಾರೆ. ಅದರ ಕೆಳಗೆ ನನಗೆ ಪರಿಚಯದ ಮೊಣಕೈಯೊಂದು ಇತ್ತು ಎಂದಷ್ಟೇ ಹೇಳಬಲ್ಲೆ. ನಮ್ಮ ಮಾಲೀಕರೂ ವೀಸಾಕ್ಕೆ ಹೊಣೆಯಾದ ಕಫೀಲರೂ ಆದ ಕುವೈತಿ ಹಿರಿಯರನ್ನು ನಾವು ಮುದೀರ್ ಎನ್ನುತ್ತಿದ್ದೆವು. ಅವರು ಸ್ವಿಚ್ಚನ್ನು ಕೀಳಿಸಿ ಬಾಗಿಲ ಹೊರಗೆ ಹಾಕಿಸಿದರು. ಅದರ ಪಕ್ಕ ಕೂರಲು ಹೈದರಾಬಾದಿನ ಒಬ್ಬ ವಯಸ್ಸಾದವರನ್ನು ನೇಮಿಸಿದರು. ದೀಪ ಹಾಕುವುದು, ಆರಿಸುವುದು, ಒಳಗೆ ಹೋಗುವವರ ಮೊಬೈಲುಗಳನ್ನು ಇಸಿದುಕೊಂಡು ತಟ್ಟೆಯಲ್ಲಿಡುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು ಬತ್ತಿ ಭಾಯಿ. ಗೋಡೆಗೆ ಒಂದು ಇಂಟರ್‌ಕಾಮ್ ಇತ್ತು. ಒಳಗಿನ ಮಾತು ಹೊರಗೆ, ಹೊರಗಿನದು ಒಳಗೆ ಕೇಳುತ್ತಿತ್ತು.

ಫಿಲ್ಮೆಲ್ಲ ಪೊಟ್ಟಣ ಸೇರಿ ಬಾಯಿ ಮುಚ್ಚಿದ ಮೇಲೆ, ಇನ್ನು ದೀಪ ಹಾಕಬಹುದು ಎಂದು ಬತ್ತಿ ಭಾಯಿಗೆ ತಿಳಿಸಲು ಒಂದು ಮಾತು ಬೇಕಾಯಿತು. ಅದಕ್ಕಾಗಿ ಸಭೆ ಕೂಡಿತು. ಓಕೆ ಆಗದು, ಓಕೆ ಎನ್ನದೆ ಯಾರೂ ಉಸಿರಾಡುವುದಿಲ್ಲ. ನಡೀರಿ ಎನ್ನುವ ಯಲ್ಲಾ ಕೂಡ ಆಗದು, ಯಲ್ಲಾ ಎನ್ನದೆ ಮುದೀರ್ ಉಸಿರಾಡುವುದಿಲ್ಲ. ಕನ್ನಡಕ್ಕೂ ಒಂದು ಅವಕಾಶ ಇರಲಿ ಎಂದು ನಾನು "ದೀಪ" ಎಂದೆ. ಬತ್ತಿ ಭಾಯಿ ಆಸಕ್ತಿಯಿಂದ, "ದೀಪಾ ಕೌನ್ ಹೈ ಸಾಬ್?" ಎಂದು ಕೇಳಿದರು. ಕೊನೆಗೆ ಉಳಿದದ್ದು ಖಲಾಸ್. ಮುಗಿಯಿತು ಎಂದು ಅರ್ಥ. ಈ ಊರಿಗೆ ಬಂದವರು ಇಳಿದ ದಿನವೇ ಕಲಿಯುವ ಮಾತು. ಹಾಗೆ ಶಾಸನವಾಯಿತು: ಕತ್ತಲ ಕೋಣೆಯಲ್ಲಿ ಖಲಾಸ್ ಅಂದರೆ ದೀಪ. ಬೇರೆ ಯಾವುದಕ್ಕೂ ಆ ಮಾತನ್ನು ಬಳಸಕೂಡದು. ಟೇಪು ಮುಗಿದರೆ, ಕಾಗದ ಮುಗಿದರೆ, ತಾಳ್ಮೆ ಮುಗಿದರೆ ಬೇರೆ ಮಾತು ಹುಡುಕಿಕೊಳ್ಳಬೇಕು. ನಮಗೆ ಇದು ಎಷ್ಟು ರೂಢಿಯಾಯಿತೆಂದರೆ, ಹವಲ್ಲಿಯ ಮನೆಯಲ್ಲಿ ನನ್ನ ಹೆಂಡತಿ "ಗ್ಯಾಸ್ ಖಲಾಸ್" ಎಂದಾಗ ನಾನು ಒಮ್ಮೆ ಕಣ್ಣು ಕಿರಿದು ಮಾಡಿಕೊಂಡದ್ದುಂಟು.

ಫಿಲ್ಮಿನ ವೈರಿ ಬೆಳಕು ಎಂದು ಎಲ್ಲರಿಗೂ ಗೊತ್ತು. ಕುವೈತಿನಲ್ಲಿ ಅದಕ್ಕೆ ಇನ್ನೊಂದು ವೈರಿ: ಒಣ ಗಾಳಿ. ಚಳಿಯ ದಿನ ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಅದೇ ಕಿಡಿ ಕಾಗದದ ಮೇಲೆ ಫಿಲ್ಮು ಜಾರಿದಾಗಲೂ ಹುಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಫಿಲ್ಮಿಗೆ ಕಾಣುತ್ತದೆ. ಆಮೇಲೆ ಅದನ್ನು ಮದ್ದಿನ ನೀರಿನಲ್ಲಿ ತೊಳೆದಾಗ ಎಲೆ ಉದುರಿದ ಜಾಲಿಗಿಡದಂಥ ಕವಲುಗೆರೆ ಮೂಡುತ್ತದೆ. ಪೈಪಿನ ಪರೀಕ್ಷಕರು ಅದನ್ನು ಬೆಸುಗೆಯ ಬಿರುಕೆಂದು ತಿಳಿದು, ಸರಿಯಾಗಿದ್ದ ಬೆಸುಗೆಯನ್ನು ಕತ್ತರಿಸಿ ಹಾಕಿದ್ದರು. ಕತ್ತರಿಸಿದ ಮೇಲೆ ಬಿರುಕು ಇರಲಿಲ್ಲ. ಫಿಲ್ಮಿನ ಪೊಟ್ಟಣದ ಮೇಲೆ ನಮ್ಮ ಹೆಸರು ಇತ್ತು.

ಫಿಲ್ಮು ಕೊಳ್ಳುವವರು ಒಂದು ಮಾತು ಹೇಳಿ ಕಳಿಸಿದರು: ಗೆರೆ ಬೀಳದ ಹಾಗೆ ಪ್ಯಾಕ್ ಮಾಡಿ ಒಂದು ಕಂತು ತಂದು ತೋರಿಸಿ, ಇಲ್ಲವಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ. ಮುದೀರ್ ನನ್ನನ್ನು ಕರೆದು, "ಯಾ ಮುಹಂದಿಸ್, ನೀನು ಇಂಜಿನಿಯರ್, ಏನಾದರೂ ಮಾಡು. ಇಲ್ಲಾಂದರೆ ಕತ್ತಲ ಕೋಣೆ ಖಲಾಸ್," ಎಂದರು. ಹೊರಗೆ ನಿಂತು ಹೇಳಿದ್ದರಿಂದ ಕ್ಷಮ್ಯ.

ಇಲ್ಲಿ ಸಹಸಂಶೋಧಕರ ಹೆಂಡತಿಯ ವಿಷಯ ಹೇಳಬೇಕು. ಅವರು ಕುವೈತಿನ ಸಲ್ವಾದಲ್ಲಿ ಗಂಡನ ಜೊತೆ ಬಹಳ ವರ್ಷ ಇದ್ದು, ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ ಮಾಡಿದವರು. ಎದೆಯ ಕಾಯಿಲೆ ಗೊತ್ತಾದ ಮೇಲೆ ಮಂಗಳೂರಿನಲ್ಲಿರುವ ಮಗನ ಹತ್ತಿರ ಹೋದರು. ಡಾಕ್ಟರು ಮಗನಿಗೆ ಹೇಳಿದ್ದನ್ನು ಮಗ ತಂದೆಗೆ ಹೇಳಿದ್ದ, ತಂದೆ ನನಗೆ ಹೇಳಿದ್ದರು. ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ, ಟೈರಿನ ಅಂಗಡಿಯ ನೆರಳಲ್ಲಿ ಕೂತು ಅವರು ವಿಡಿಯೋ ಕಾಲ್ ಮಾಡುತ್ತಿದ್ದರು. ಪಕ್ಕದಲ್ಲಿ ನಾನು ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದೆ. ಗಂಡನೊಡನೆ ಕೊಂಕಣಿ, ನನ್ನ ಕಿವಿ ಕಂಡರೆ ಕನ್ನಡ.

"ಎಂತ ಇಂಜಿನಿಯರ್ರೆ, ಮೂಗು ಹೇಗುಂಟು?"

"ಇನ್ನೂ ಐತ್ರೀ ಅಕ್ಕಾರ. ನಿಮ್ಮ ಯಜಮಾನ್ರ ದಯಾ."

"ನನ್ನ ಎದೆಯ ಫೋಟೋ ಈಗ ಕಂಪ್ಯೂಟರಿನಲ್ಲೇ ತೋರಿಸ್ತಾರೆ. ಫಿಲ್ಮು ಕೊಡಿ ಅಂದರೆ ಆ ಡಾಕ್ಟರ್ ಹುಡುಗಿ ನಗಾಡ್ತಾಳೆ. ಮತ್ತೆ ನಿಮ್ಮ ಫಿಲ್ಮು ಯಾರಿಗೆ?"

"ಪೈಪಿಗ್ರೀ."

"ಪೈಪಿಗೂ ಎದೆನೋವಾ?" ಎಂದು ನಕ್ಕು, ನಗು ಕೆಮ್ಮಾಗಿ, ಕೆಮ್ಮು ನಿಲ್ಲುವ ತನಕ ಫೋನನ್ನು ಮೇಲ್ಛಾವಣಿಗೆ ತಿರುಗಿಸಿ ಹಿಡಿಯುತ್ತಿದ್ದರು. ಆಗ ನಾವಿಬ್ಬರೂ ಮಂಗಳೂರಿನ ಆ ಫ್ಯಾನನ್ನು ನೋಡುತ್ತ ಕೂರುತ್ತಿದ್ದೆವು. ಆ ಫ್ಯಾನು ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಒಂದು ರೆಕ್ಕೆಗೆ ಬಣ್ಣ ಹೋಗಿತ್ತು.

ಒಂದು ದಿನ ನಮ್ಮ ಕಿಡಿಯ ಕಷ್ಟವನ್ನು ಅವರಿಗೆ ವಿವರಿಸಿದೆವು. ಸಹಸಂಶೋಧಕರು ಒಂದು ಬಿಳಿ ಕಾಗದದೊಳಗಿಂದ ಹಳೆಯ ಫಿಲ್ಮಿನ ತುಂಡನ್ನು ಎಳೆದು ತೋರಿಸಿದರು. ಎಳೆದರೆ ಜಾರುತ್ತದೆ, ಜಾರಿದರೆ ಕಿಡಿ.

"ಎಳೆಯುವುದು ಎಂತಕ್ಕೆ?" ಎಂದರು ಆಕೆ. "ನಾವು ಮಲ್ಲಿಗೆಯನ್ನು ಎಲೆಯಿಂದ ಎಳೀತೇವಾ? ಎಲೆಯೇ ಬಿಚ್ಚಿಕೊಳ್ಳಬೇಕು. ಹೂವು ಇದ್ದಲ್ಲೇ ಇರಬೇಕು."

ಅವರ ತವರಿನವರು ಮಲ್ಲಿಗೆ ಬೆಳೆಯುವವರು. ಬೆಳಗಾದರೆ ಮೊಗ್ಗು ಕೊಯ್ದು, ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಪೇಟೆಗೆ ಕಳಿಸುವ ಮನೆ. ಮಗನಿಂದ ಒಂದು ತುಂಡು ಬಾಳೆ ಎಲೆ ತರಿಸಿ, ಹಾಸಿಗೆಯಲ್ಲೇ ಕೂತು, ಹೂವಿನ ಬದಲು ತಮ್ಮ ಜಪಸರವನ್ನು ಇಟ್ಟು ಸುತ್ತಿದರು. ಮಡಿಕೆ ಒಂದೂ ತಪ್ಪಲಿಲ್ಲ. ಮೇಲೆ ಬಾಳೆನಾರು ಕಟ್ಟಿ, ನಾರಿನ ತುದಿ ಎಳೆದರು. ಎಲೆ ಎರಡು ಕಡೆಗೂ ಬೊಗಸೆಯ ಹಾಗೆ ತೆರೆದುಕೊಂಡಿತು. ಜಪಸರ ಅಲ್ಲಾಡಲಿಲ್ಲ.

ಸಹಸಂಶೋಧಕರು ಬಾಯಿ ತೆರೆದುಕೊಂಡು ನೋಡಿದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಇದನ್ನು ನೀನು ಒಂದು ದಿನವೂ ತೋರಿಸಲಿಲ್ಲ."

"ನೀವು ಹೂವು ತಂದದ್ದು ಯಾವಾಗ, ತೋರಿಸಲಿಕ್ಕೆ?"

ನಾನು ರೊಟ್ಟಿಯ ಕಡೆ ಗಮನ ಕೊಟ್ಟೆ.

ಬಾಳೆ ಎಲೆಯ ಮಡಿಕೆಯನ್ನು ಕಾಗದಕ್ಕೆ ತರುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಎಲೆಗೆ ನರ ಇದೆ, ಬಾಗುವ ದಿಕ್ಕು ಇದೆ. ಕಾಗದಕ್ಕೆ ಹಟ ಮಾತ್ರ ಇದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಗೀರು ಹಾಕಿದರೆ ಅಲ್ಲೇ ಬಾಗುತ್ತದೆ, ನಾರಿನ ಬದಲು ಯಾವ ದಾರ, ಬಿಚ್ಚುವ ಪೈಪಿನವರ ಮರಳು ಮೆತ್ತಿದ ಕೈಗವಸಿಗೆ ಆ ದಾರ ಸಿಗುವುದು ಹೇಗೆ ಎಂದು ನಾವು ಜಗಳವಾಡಿದೆವು. ಕತ್ತಲಲ್ಲಿ ಮಡಚಬೇಕಾದ ಕಾಗದ ಅದು, ಹಾಗಾಗಿ ಕಣ್ಣು ಮುಚ್ಚಿಕೊಂಡು ಜಗಳವಾಡಿದೆವು. ಗಾಜಿನ ಅಂಗಡಿಯವರು ಬಾಗಿಲಲ್ಲಿ ನಿಂತು, ಇಬ್ಬರು ನಡುವಯಸ್ಸಿನ ಗಂಡಸರು ಕಣ್ಣು ಮುಚ್ಚಿ ಕಾಗದ ಮಡಚುತ್ತ ಬೈದಾಡಿಕೊಳ್ಳುವುದನ್ನು ನೋಡಿ ಸುಮ್ಮನೆ ಹೋದರು. ಅಂತೂ ಮಡಿಕೆ ಬಂತು. ದಾರ ಎಳೆದರೆ ಕಾಗದ ಬೊಗಸೆಯಾಗಿ ತೆರೆಯುತ್ತಿತ್ತು. ಫಿಲ್ಮು ಜಾರದೆ ಮೇಲೆ ಕೂತಿರುತ್ತಿತ್ತು. ತೊಳೆದು ನೋಡಿದರೆ ಗೆರೆ ಕಡಿಮೆಯಾಗಿದ್ದವು. ಕಡಿಮೆ ಎಂದರೆ ಇದ್ದವು.

ಮತ್ತೆ ಫೋನು.

"ಬಾಳೆ ಎಲೆ ಹಸಿ ಇರ್ತದೆ ಇಂಜಿನಿಯರ್ರೆ. ನಿಮ್ಮ ಕಾಗದ ನೋಡಿದರೆ ಹಪ್ಪಳ. ಹಪ್ಪಳ ಮಡಚಿದರೆ ಚಟ್ ಅನ್ನದೆ ಮತ್ತೆಂತ ಅಂತದೆ?"

ಹಸಿ ಮಾಡಬೇಕು, ಸರಿ, ಎಷ್ಟು ಹಸಿ? ಹೆಚ್ಚಾದರೆ ಫಿಲ್ಮಿನ ಮೇಲಿನ ಲೇಪ ಅಂಟಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಇಲ್ಲಿ ನನ್ನ ವಿದ್ಯೆ ಸ್ವಲ್ಪ ಉಪಯೋಗಕ್ಕೆ ಬಂತು. ಮುಚ್ಚಿದ ಪೆಟ್ಟಿಗೆಯಲ್ಲಿ ಗಟ್ಟಿ ಉಪ್ಪುನೀರಿನ ತಟ್ಟೆ ಇಟ್ಟರೆ ಒಳಗಿನ ತೇವ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಉಪ್ಪಿನ ಜಾತಿ ಬದಲಾದರೆ ಮಟ್ಟ ಬದಲಾಗುತ್ತದೆ. ಕಾರ್ಖಾನೆಯಲ್ಲಿ ಜಾಗ ಇಲ್ಲದ್ದರಿಂದ ಈ ಮಹಾಪ್ರಯೋಗ ನಮ್ಮ ಹವಲ್ಲಿಯ ಮನೆಯ ಬಚ್ಚಲಿನಲ್ಲಿ ನಡೆಯಿತು.

"ಬಚ್ಚಲಮನಿ ತುಂಬ ಕಾಗದಾ ಇಟ್ಟೀರಿ. ಜಳಕಾ ಎಲ್ಲಿ ಮಾಡೂಣು?" ಎಂದಳು ನನ್ನ ಹೆಂಡತಿ. "ಅಡಗಿ ಉಪ್ಪೂ ಅದರಾಗ ಸುರುವೀರಿ."

"ಸಂಶೋಧನಾ ನಡದೈತಿ."

"ನಡೀಲಿ. ಸಾರಿಗೆ ಉಪ್ಪಿಲ್ಲ, ಹಂಗ ಉಣ್ರಿ."

ಮಗಳು ಬಾಗಿಲು ತೆರೆದು ನೋಡಿ, "ಡ್ಯಾಡಿ, ದಿಸ್ ಈಸ್ ನಾಟ್ ನಾರ್ಮಲ್," ಎಂದು ಬಾಗಿಲು ಹಾಕಿಕೊಂಡು ಹೋದಳು. ಅಡುಗೆಯ ಉಪ್ಪು ತೇವವನ್ನು ಹೆಚ್ಚು ಮಾಡಿತು, ಫಿಲ್ಮು ಅಂಟಿಕೊಂಡಿತು. ಬೇರೆ ಉಪ್ಪು ತರಿಸಿದೆ. ಅದು ಸರಿಹೋಯಿತು. ಆಕೆಯ ಮಡಿಕೆ, ನನ್ನ ಉಪ್ಪು, ಸಹಸಂಶೋಧಕರ ಕೈ. ಮೂರೂ ಸೇರಿದ ಮೇಲೆ ತೊಳೆದ ಫಿಲ್ಮು ಗೆರೆಯಿಲ್ಲದೆ ತಿಳಿಯಾಗಿ ಬಂತು.

ಇಷ್ಟರಲ್ಲಿ ಮಂಗಳೂರಿನ ಫ್ಯಾನನ್ನು ನಾವು ಹೆಚ್ಚು ಹೊತ್ತು ನೋಡುವಂತಾಗಿತ್ತು. ಸಹಸಂಶೋಧಕರು ಕೆಲಸ ಬಿಟ್ಟು ಹೊರಡುತ್ತೇನೆಂದರು. ಮುದೀರ್ ಬೇಡವೆನ್ನಲಿಲ್ಲ. ಬೇಡವೆಂದದ್ದು ಆಕೆ.

"ಅರ್ಧಕ್ಕೆ ಬಿಟ್ಟು ಬಂದರೆ ನಾನು ಗೇಟು ತೆಗೆಯುವುದಿಲ್ಲ," ಎಂದು ನನ್ನೆದುರೇ ಕನ್ನಡದಲ್ಲಿ ಹೇಳಿದರು, ಸಾಕ್ಷಿ ಇರಲಿ ಎಂಬಂತೆ. "ಪಾಸು ಮಾಡಿ ಬನ್ನಿ. ಪಾಸಾದ ಪೊಟ್ಟಣ ಒಂದು ತನ್ನಿ. ದಾರ ನಾನೇ ಎಳೆದು ಬಿಚ್ಚಿ ನೋಡ್ಬೇಕು."

"ಬಿಚ್ಚಿದ್ರ ಫಿಲ್ಮ್ ಕೆಡತೈತ್ರೀ ಅಕ್ಕಾರ," ಎಂದೆ ನಾನು.

"ಕೆಡಲಿ. ನಾನೇನು ಪೈಪಾ?"

ಹಾಗೆ ದಿನ ಗೊತ್ತಾಯಿತು. ಕಂತನ್ನು ಕತ್ತರಿಸಿ ಮಡಚಿ ಮುಚ್ಚುವುದು ಒಂದು ದಿನ. ಮರುದಿನ ಬೆಳಿಗ್ಗೆ ಕೊಳ್ಳುವವರು ತಮ್ಮಲ್ಲಿ ಬಿಚ್ಚಿ ತೊಳೆದು ನೋಡುವುದು. ಅದೇ ಸಂಜೆ ಸಹಸಂಶೋಧಕರ ವಿಮಾನ. ಆಕೆಗೆ ಅದನ್ನು ಹೇಳಿದಾಗ, "ಅಷ್ಟು ತನಕ ಇರ್ತೇನೆ," ಎಂದರು. ಬಸ್ಸಿಗೆ ಕಾಯುವವರ ದನಿಯಲ್ಲಿ.

ಕಂತು ಮಡಚುವ ದಿನ ಬೆಳಿಗ್ಗೆ ಮಗ ಫೋನು ಮಾಡಿದ್ದ. ಅಮ್ಮನ ಎದೆಯಲ್ಲಿ ನೀರು ತುಂಬಿದೆ, ಇವತ್ತು ತೆಗೆಯುತ್ತಾರೆ, ತೆಗೆದರೆ ಉಸಿರು ಹಗುರಾಗುತ್ತದೆ ಎಂದಿದ್ದ. ಸಹಸಂಶೋಧಕರು ತಮ್ಮ ಮೊಬೈಲನ್ನು ತಟ್ಟೆಯಲ್ಲಿಡುವಾಗ ಬತ್ತಿ ಭಾಯಿಗೆ, "ಮಗನ ಫೋನು ಬಂದರೆ ಇಂಟರ್‌ಕಾಮಿಗೆ ಹಿಡಿ ಭಾಯಿ," ಎಂದು ಹಿಂದಿಯಲ್ಲಿ ಹೇಳಿದರು. ಬತ್ತಿ ಭಾಯಿ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು.

ಒಳಗೆ ನಾವಿಬ್ಬರೇ. ಕತ್ತರಿಸಿದ ಹಾಳೆಗಳನ್ನು ಒಂದೊಂದಾಗಿ ಮಡಚಿ ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದೆವು. ಎಲ್ಲ ಮಡಚಿದ ಮೇಲೆ ಒಟ್ಟಿಗೆ ಪೊಟ್ಟಣಕ್ಕೆ ಹಾಕುವುದೆಂದು ಮಾತಾಗಿತ್ತು. ಆ ದಿನ ಮೊಣಕೈ ಒಮ್ಮೆಯೂ ನನ್ನ ಮೂಗಿಗೆ ಬಡಿಯಲಿಲ್ಲ. ಅವರು ಅಷ್ಟು ಜಾಗ್ರತೆಯಿಂದ ಕೆಲಸ ಮಾಡುತ್ತಿದ್ದರು. ಕಾಗದದ ಸಪ್ಪಳ ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ, ಆ ಸಪ್ಪಳವೂ ತೇವದಿಂದ ಮೆತ್ತಗಾಗಿತ್ತು.

ಕೊನೆಯ ಹಾಳೆ ಅವರ ಕೈಯಲ್ಲಿದ್ದಾಗ ಇಂಟರ್‌ಕಾಮ್ ಕರಕರ ಎಂದಿತು. "ಸಾಬ್, ಬೇಟೇ ಕಾ ಫೋನ್ ಹೈ. ಲಗಾವೂಂ?"

"ಲಗಾವೋ ಭಾಯಿ."

ಮಗನ ದನಿ ಎಲ್ಲೋ ಡಬ್ಬಿಯೊಳಗಿಂದ ಬಂದಂತೆ ಬಂತು. ಕೊಂಕಣಿಯಲ್ಲಿ ಏನೋ ಹೇಳಿದ. ನನಗೆ ತಿಳಿದದ್ದು ಕೊನೆಯ ಮಾತು ಮಾತ್ರ: "ಮಮ್ಮಿ ಗೆಲಿ, ಡ್ಯಾಡಿ." ಎರಡು ಸಲ ಹೇಳಿದ. "ಮಮ್ಮಿ ಗೆಲಿ."

ಕನ್ನಡದ ಕಿವಿಗೆ ಅದು ಗೆಲುವಿನ ಮಾತಾಗಿ ಕೇಳುತ್ತದೆ. ಎದೆಯ ನೀರು ತೆಗೆದರು, ಉಸಿರು ಹಗುರಾಯಿತು, ಗೆದ್ದರು ಎಂದು ನಾನು ಅಂದುಕೊಂಡೆ. ಕೊಂಕಣಿಯಲ್ಲಿ ಗೆಲಿ ಎಂದರೆ ಹೋದಳು ಎಂದು ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ.

"ಏನಂತ್ರೀ? ಗೆದ್ರಂತಾ?" ಎಂದೆ ನಾನು, ಉತ್ಸಾಹದಿಂದ.

ಹೊರಗಿನಿಂದ ಬತ್ತಿ ಭಾಯಿಯೂ ಕೇಳಿದರು: "ಕ್ಯಾ ಬೋಲಾ ಸಾಬ್? ಸಬ್ ಠೀಕ್?"

ಕೇಳಿದವರು ಇಬ್ಬರು. ಒಬ್ಬನಿಗೆ ಕನ್ನಡದಲ್ಲಿ ಹೇಳಬೇಕು, ಇನ್ನೊಬ್ಬರಿಗೆ ಹಿಂದಿಯಲ್ಲಿ. ತಮ್ಮ ಮಾತಿನಲ್ಲಿ ಹೇಳಿದರೆ ಇಬ್ಬರಿಗೂ ತಿಳಿಯದು. ಎಲ್ಲರಿಗೂ ತಿಳಿಯುವ ಮಾತು ನಮ್ಮಲ್ಲಿ ಒಂದೇ ಇತ್ತು.

"ಖಲಾಸ್," ಎಂದರು.

ದೀಪ ಹತ್ತಿತು.

ಬತ್ತಿ ಭಾಯಿ ತಮ್ಮ ಕೆಲಸ ಮಾಡಿದರು. ಆ ಮಾತು ಬಿದ್ದ ಮೇಲೆ ತಡಮಾಡಿದವರಲ್ಲ ಅವರು. ಆ ಕೋಣೆಯ ದೀಪ ಬಹಳ ಪ್ರಖರ, ಬಿಳಿ. ಕತ್ತಲಿಗೆ ಹೊಂದಿದ ಕಣ್ಣಿಗೆ ಪೆಟ್ಟು ಬಿದ್ದಂತಾಗುತ್ತದೆ. ಆ ಬೆಳಕಿನಲ್ಲಿ ನಾನು ಸಹಸಂಶೋಧಕರ ಮುಖ ನೋಡಿದೆ. ಯಾರೂ ನೋಡುವುದಿಲ್ಲವೆಂದು ನಂಬಿ ಮನುಷ್ಯ ಸಡಿಲ ಬಿಟ್ಟ ಮುಖ ಅದು. ಅದನ್ನು ನೋಡುವ ಹಕ್ಕು ನನಗಿರಲಿಲ್ಲ. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಅವರ ಕೈ ನಿಂತಿರಲಿಲ್ಲ. ಕೊನೆಯ ಹಾಳೆಯ ಕಾಗದದ ಎಡಭಾಗ ಮಡಚಿ, ಬಲಭಾಗ ಮಡಚಿ, ದಾರವನ್ನು ಚಪ್ಪಟೆಯಾಗಿ ಒತ್ತಿ, ಕಪ್ಪು ಪೊಟ್ಟಣಕ್ಕೆ ಇಳಿಬಿಟ್ಟು, ಬಾಯನ್ನು ಬಿಸಿ ಪಟ್ಟಿಯ ಕೆಳಗಿಟ್ಟು ಒತ್ತಿದರು. ಒತ್ತಿ ಹಿಡಿಯಬೇಕಾದಷ್ಟು ಹೊತ್ತು ಒತ್ತಿ ಹಿಡಿದರು. ಮೇಜಿನ ಮೇಲೆ ಉಳಿದ ಫಿಲ್ಮುಗಳು ಬೆಳಕಿನಲ್ಲಿ ತಣ್ಣಗೆ ಕೂತಿದ್ದವು. ತೊಳೆಯುವ ತನಕ ಹಾಳಾದ ಫಿಲ್ಮಿಗೂ ಸರಿಯಾದ ಫಿಲ್ಮಿಗೂ ವ್ಯತ್ಯಾಸ ಕಾಣುವುದಿಲ್ಲ.

ಬಾಗಿಲು ತೆರೆದು ಬತ್ತಿ ಭಾಯಿ ಎರಡು ಕೈಯಲ್ಲಿ ಎರಡು ಲೋಟ ಚಹಾ ಹಿಡಿದು ಬಂದರು. "ಮುಬಾರಕ್ ಸಾಬ್! ಹೋ ಗಯಾ?" ಎಂದರು. ಆಮೇಲೆ ಮುಚ್ಚದ ಹಾಳೆಗಳ ಸಾಲನ್ನು ನೋಡಿದರು. ಆಮೇಲೆ ಸಹಸಂಶೋಧಕರ ಮುಖ ನೋಡಿದರು. ಲೋಟಗಳನ್ನು ನೆಲದ ಮೇಲಿಟ್ಟು, ಅಲ್ಲೇ ಗೋಡೆಗೆ ಆತು ಕೂತುಬಿಟ್ಟರು. "ಆಪ್ ಬೋಲೇ ನಾ ಸಾಬ್... ಆಪ್ ಬೋಲೇ..." ಎನ್ನುತ್ತಿದ್ದರು.

"ಹೌದು ಭಾಯಿ. ನಾನೇ ಹೇಳಿದ್ದು," ಎಂದರು ಸಹಸಂಶೋಧಕರು, ಕನ್ನಡದಲ್ಲೇ. ಬಗ್ಗಿ ಒಂದು ಲೋಟ ಎತ್ತಿ ಬತ್ತಿ ಭಾಯಿಯ ಕೈಗೆ ಕೊಟ್ಟರು.

ಮುದೀರ್ ಬಂದರು. "ಫಿಲ್ಮು?" ಎಂದು ನನ್ನನ್ನು ಕೇಳಿದರು. ನಾನು ಕೈ ಅಲ್ಲಾಡಿಸಿದೆ. ಯಾಕೆಂದು ಕೇಳಿದರು. ಹೇಳಿದೆ. ಮತ್ತೆ ಅವರು ಫಿಲ್ಮಿನ ಮಾತೆತ್ತಲಿಲ್ಲ. ಯಾರಿಗೋ ಫೋನು ಮಾಡಿ ಅದೇ ಸಂಜೆಯ ವಿಮಾನಕ್ಕೆ ಟಿಕೆಟು ಬದಲಾಯಿಸಿ, ತಮ್ಮ ಕಾರಿನಲ್ಲೇ ಸಹಸಂಶೋಧಕರನ್ನು ಸಲ್ವಾದ ಮನೆಗೂ ಅಲ್ಲಿಂದ ವಿಮಾನ ನಿಲ್ದಾಣಕ್ಕೂ ಕರೆದೊಯ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ದಾರಿಯುದ್ದಕ್ಕೂ ಮುದೀರ್ ಒಮ್ಮೆಯೂ ಯಲ್ಲಾ ಎನ್ನಲಿಲ್ಲ.

ನಿಲ್ದಾಣದಲ್ಲಿ ಸಹಸಂಶೋಧಕರು ಕೈಚೀಲವನ್ನು ತಪಾಸಣೆಯ ಪಟ್ಟಿಯ ಮೇಲಿಟ್ಟಾಗ ಅದರ ಬಾಯಲ್ಲಿ ಕಪ್ಪು ಪೊಟ್ಟಣ ಕಂಡಿತು. ಬೆಳಕಿನಲ್ಲಿ ಮುಚ್ಚಿದ ಆ ಒಂದು ಪೊಟ್ಟಣ. ನನಗೆ ವೃತ್ತಿಧರ್ಮ ಬಾಯಿಗೆ ಬಂತು.

"ರೀ, ಆ ಮಿಷನ್ನಿನ್ಯಾಗ ಎಕ್ಸ್-ರೇ ಇರತೈತಿ. ಫಿಲ್ಮ್ ಕೆಡತೈತಿ," ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು. ಆ ದಿನ ಮೊದಲ ಸಲ ತುಟಿ ಅಲುಗಿತು. "ಇನ್ನೆಂತ ಕೆಡಲಿಕ್ಕುಂಟು ಮಾರಾಯ್ರೆ?"

ಚೀಲ ಯಂತ್ರದೊಳಗೆ ಹೋಯಿತು.

ಕೆಲವು ದಿನ ಬತ್ತಿ ಭಾಯಿ ಸ್ವಿಚ್ಚು ಮುಟ್ಟಲಿಲ್ಲ. ಅದರ ಪಕ್ಕದಲ್ಲೇ ಕೂತಿರುತ್ತಿದ್ದರು, ನಾನು ಹೋಗಿ ಹಾಕಬೇಕಾಗುತ್ತಿತ್ತು. "ಮೈಂ ಕ್ಯಾ ಕರ್ತಾ ಸಾಬ್?" ಎಂದು ಕೇಳುತ್ತಿದ್ದರು. ಮಾಡಬೇಕಾದ್ದನ್ನೇ ಮಾಡಿದಿರಿ ಎಂದು ನಾನು ಹೇಳಿದರೆ, ಅದೇ ತನಗೆ ನೋವು ಎನ್ನುವಂತೆ ತಲೆಯಾಡಿಸುತ್ತಿದ್ದರು. ಹೊಸ ಮಾತು ಹುಡುಕಲು ಮತ್ತೆ ಸಭೆ ಕೂಡಿತು. ಯಾರೂ ಯಾವ ಮಾತನ್ನೂ ಸೂಚಿಸಲಿಲ್ಲ. ಕೊನೆಗೆ ಮುದೀರ್ ಒಂದು ಕರೆಗಂಟೆ ಹಾಕಿಸಿದರು. ಈಗ ಒಳಗಿನವರು ಗುಂಡಿ ಒತ್ತುತ್ತಾರೆ, ಬತ್ತಿ ಭಾಯಿ ಎದ್ದು ನಿಂತು, ಬಾಗಿಲಿಗೆ ಕಿವಿಕೊಟ್ಟು, ಆಮೇಲೆ ದೀಪ ಹಾಕುತ್ತಾರೆ.

ಕೊಳ್ಳುವವರು ನಮಗೆ ಇನ್ನೊಂದು ಅವಕಾಶ ಕೊಟ್ಟರು. ಎರಡನೆಯ ಕಂತನ್ನು ನಾನೊಬ್ಬನೇ ಕತ್ತಲಲ್ಲಿ ನಿಂತು ಮಡಚಿದೆ. ಮೂಗು ಸುರಕ್ಷಿತವಾಗಿತ್ತು. ಅಷ್ಟು ಸುರಕ್ಷಿತವಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ. ಆಗಾಗ ಕೈ ನಿಲ್ಲಿಸಿ ಆ ಮೊಣಕೈಯ ಬದಿಗೆ ಕಿವಿಗೊಡುತ್ತಿದ್ದೆ. ಮರುದಿನ ಕೊಳ್ಳುವವರು ಬಿಚ್ಚಿ, ತೊಳೆದು, ದೀಪದ ಪೆಟ್ಟಿಗೆಯ ಮೇಲೆ ಹಾಳೆಗಳನ್ನು ಹರಡಿ ನೋಡಿದರು. ಒಂದರಲ್ಲೂ ಗೆರೆ ಇರಲಿಲ್ಲ.

ಊರಿನಲ್ಲಿದ್ದ ಸಹಸಂಶೋಧಕರಿಗೆ ಫೋನು ಮಾಡಿ ತಿಳಿಸಿದೆ.

"ಹೌದಾ?" ಎಂದರು. "ಮಡಿಕೆ ಸರಿ ಬಿಚ್ಚಿತಾ?"

"ಬಿಚ್ಚಿತ್ರೀ. ಬೊಗಸಿ ಹಂಗ."

"ಒಳ್ಳೇದಾಯ್ತು." ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. "ಮಣ್ಣು ಮಾಡುವ ಮೊದಲು ಆ ಪೊಟ್ಟಣ ಅವಳ ಪೆಟ್ಟಿಗೆಯಲ್ಲಿ ಇಟ್ಟೆ ಮಾರಾಯ್ರೆ. ಕೈಯ ಹತ್ತಿರವೇ. ಬಿಚ್ಚಿ ನೋಡ್ಬೇಕು ಅಂತ ಹೇಳಿದ್ದಳಲ್ಲ. ಪಾದ್ರಿಗಳು ಅದು ಎಂತ ಅಂತ ಕೇಳಿದರು."

"ಏನ್ ಹೇಳಿದ್ರಿ?"

"ಪ್ಯಾಕಿಂಗ್ ಅಂದೆ."

ನಮ್ಮ ಕಾರ್ಖಾನೆಯ ಫಿಲ್ಮೆಲ್ಲ ಈಗ ಆ ಮಡಿಕೆಯಲ್ಲೇ ಹೋಗುತ್ತದೆ. ಆರ್ಡರು ಉಳಿಯಿತು. ಅವರು ವಾಪಸು ಬರಲಿಲ್ಲ. ಕುವೈತಿನಲ್ಲಿ ಇರಲು ಪರವಾನಗಿಯಾದ ಅವರ ಇಕಾಮಾ ರದ್ದಾಯಿತು.